ಇಂಚು ಆಮೇಲೆ, ಮೊದಲು ಸೈಡ್‌ವಾಲ್

ಕೂಪೆ ಕಾರು ತಂದವರು ನಮ್ಮ ಅಲೈನ್‌ಮೆಂಟ್ ಅಂಗಡಿಗೆ ಬಂದು ಮೊದಲು ಕೇಳುವುದು ಒಂದೇ: 'ಇದಕ್ಕೆ ಎಷ್ಟಿಂಚಿನವರೆಗೆ ಅಲಾಯ್ ಹಾಕಬಹುದು?' ನನ್ನ ಉತ್ತರವೂ ಒಂದೇ. ಇಂಚು ಆಮೇಲೆ ನೋಡೋಣ, ರಿಮ್ಮಿಗೂ ರಸ್ತೆಗೂ ನಡುವೆ ಎಷ್ಟು ಮಿಲಿಮೀಟರ್ ರಬ್ಬರ್, ಅಂದರೆ ಸೈಡ್‌ವಾಲ್, ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಮೈಸೂರು-ಮಂಡ್ಯದಲ್ಲಿ ಓಡಿಸುವ ಗಾಡಿಗೆ 85 ಮಿ.ಮೀ.ಗಿಂತ ಕಡಿಮೆ ಬಂದರೆ ಬೇಡ. ಇದು ಯಾವ ಕಂಪನಿಯ ನಿಯಮವೂ ಅಲ್ಲ. ಬಾಗಿದ ರಿಮ್ಮುಗಳನ್ನು ನೋಡಿ ನೋಡಿ ನಾನೇ ಎಳೆದುಕೊಂಡ ಗೆರೆ.

ಆಡಿ ಟಿಟಿಯನ್ನೇ ತಗೊಳ್ಳಿ. ಅದರ ಟೈರ್ ಮೇಲೆ 245/40 ಆರ್18 ಅಂತಿರುತ್ತದೆ. 245 ಅನ್ನುವುದು ಮಿಲಿಮೀಟರ್‌ನಲ್ಲಿ ಟೈರಿನ ಅಗಲ. ಅದರ ಶೇ 40 ಸೈಡ್‌ವಾಲಿನ ಎತ್ತರ, ಅಂದರೆ 98 ಮಿ.ಮೀ. ರಿಮ್ಮಿನ ವ್ಯಾಸ 18 ಇಂಚು, ಅದನ್ನು ಮಿ.ಮೀ.ಗೆ ತರಲು 25.4ರಿಂದ ಗುಣಿಸಿ, ಮೇಲಿನದೂ ಕೆಳಗಿನದೂ ಎರಡು ಸೈಡ್‌ವಾಲ್ ಕೂಡಿಸಿದರೆ ಚಕ್ರದ ಒಟ್ಟು ಎತ್ತರ 653 ಮಿ.ಮೀ. ಈಗ 245/35 ಆರ್19 ಹಾಕೋಣ. ಸೈಡ್‌ವಾಲ್ ಸುಮಾರು 86, ಒಟ್ಟು ಎತ್ತರ 654. ಒಂದು ಮಿಲಿಮೀಟರ್ ಹೆಚ್ಚಾಗಿದ್ದು ಸ್ಪೀಡೋಮೀಟರಿಗಾಗಲೀ ಎಬಿಎಸ್‌ಗಾಗಲೀ ಗೊತ್ತೇ ಆಗುವುದಿಲ್ಲ. ಇನ್ನೊಂದು ಇಂಚು ಏರಿ 255/30 ಆರ್20ಕ್ಕೆ ಹೋದರೆ ಸೈಡ್‌ವಾಲ್ 76.5ಕ್ಕೆ ಇಳಿಯುತ್ತದೆ. ನನ್ನ ಗೆರೆ 19ಕ್ಕೇ ನಿಲ್ಲುತ್ತದೆ.

'ಕಂಪನಿಯವರೇ 20 ಕೊಟ್ಟಿದ್ದಾರಲ್ಲಣ್ಣ' ಅಂತ ಮಂಡ್ಯ ಕಡೆಯ ಹುಡುಗನೊಬ್ಬ ವಾದಕ್ಕೆ ನಿಂತ. ಕೊಟ್ಟಿದ್ದಾರೆ, ಯುರೋಪಿನಲ್ಲಿ. 'ಹೈವೇ ಇಳಿದು ನಿಮ್ಮೂರಿಗೆ ಹೋಗೋ ದಾರೀಲಿ ಹಂಪು ಎಷ್ಟಿದಾವಪ್ಪ?' ಅಂದೆ. ಎಣಿಸೋಕೆ ಶುರು ಮಾಡಿ ಅವನೇ ನಕ್ಕುಬಿಟ್ಟ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಷ್ಟೇ ರಸ್ತೆಯಾಗಿದ್ದರೆ ನನ್ನದೂ ತಕರಾರಿಲ್ಲ. ಸರ್ವೀಸ್ ರಸ್ತೆಗೆ ಇಳಿದ ಮೇಲೆ ಬಣ್ಣ ಬಳಿಯದ ಹಂಪು, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಡಾಂಬರಿನ ಅಂಚು ಕಿತ್ತುಹೋದ ಊರ ರಸ್ತೆ, ಮಳೆ ನೀರು ತುಂಬಿ ಆಳವೇ ಕಾಣದ ಗುಂಡಿ ಇವೆಯಲ್ಲ, ಅಲ್ಲಿ ಈ 10 ಮಿಲಿಮೀಟರಿನ ಬೆಲೆ ಗೊತ್ತಾಗುವುದು.

ಗುಂಡಿಯ ಅಂಚಿಗೂ ರಿಮ್ಮಿನ ತುಟಿಗೂ ನಡುವೆ ಸಿಕ್ಕಿ ಸೈಡ್‌ವಾಲ್ ಜಜ್ಜಿಹೋಗುತ್ತದೆ. ಒಳಗಿನ ದಾರಗಳು ತುಂಡಾದರೂ ಗಾಳಿ ಹೋಗುವುದಿಲ್ಲ. ಅದಕ್ಕೇ ಆ ಹೊತ್ತಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿರುತ್ತದೆ. ಅದಕ್ಕೆ ಪ್ಯಾಚಿಲ್ಲ, ರಿಪೇರಿಯಿಲ್ಲ, ಟೈರ್ ಬದಲಿಸಲೇಬೇಕು. ರಿಮ್ಮಿನ ಕಥೆ ಇನ್ನೂ ಮೋಸದ್ದು. 'ಸ್ಟೀರಿಂಗ್ ನಡುಗುತ್ತೆ, ಬ್ಯಾಲೆನ್ಸಿಂಗ್ ಮಾಡಿ' ಅಂತ ಬರುತ್ತಾರೆ. ಮುಂದಿನಿಂದ ನೋಡಿದರೆ ಅಲಾಯ್ ಥಳಥಳ. ಮೆಷಿನ್‌ಗೆ ಏರಿಸಿ ತಿರುಗಿಸಿದಾಗ ಒಳಬದಿಯ ತುಟಿ ಒಂದು ಕಡೆ ಒಳಗೆ ಹೋಗಿ ಹೊರಗೆ ಬರುವುದು ಬರಿಗಣ್ಣಿಗೇ ಕಾಣುತ್ತದೆ. ಎಷ್ಟು ತೂಕ ಅಂಟಿಸಿದರೂ ಆ ನಡುಕ ಹೋಗುವುದಿಲ್ಲ. ಸಣ್ಣ ಬಾಗಾದರೆ ನೆಟ್ಟಗೆ ಮಾಡಬಹುದು. ಬಿರುಕು ಬಿಟ್ಟ ರಿಮ್ಮಿಗೆ ವೆಲ್ಡಿಂಗ್ ಮಾಡಿ ಕೊಡುವವರೂ ಇದ್ದಾರೆ, ಆ ಕೆಲಸ ನಾನು ಮುಟ್ಟುವುದಿಲ್ಲ.

ಸೈಜ್ ಗೊತ್ತಾದ ಮೇಲೆ ಆಫ್‌ಸೆಟ್. ಗಿರಾಕಿಗಳು ಕೇಳದೇ ಬಿಡುವ ಅಂಕಿ ಇದು. ರಿಮ್ಮಿನ ಅಗಲದ ನಟ್ಟನಡುವಿನಿಂದ, ಅದು ಹಬ್‌ಗೆ (ಕಾರಿನಲ್ಲಿ ಚಕ್ರ ಬಿಗಿಯುವ ನಡುಭಾಗಕ್ಕೆ) ಕೂರುವ ಮುಖ ಎಷ್ಟು ಮಿಲಿಮೀಟರ್ ಆಚೆಗಿದೆ ಅನ್ನುವುದನ್ನು ಹೇಳುತ್ತದೆ. ರಿಮ್ ಮೇಲೆ ಇಟಿ ಅಂತ ಹೊಡೆದಿರುತ್ತಾರೆ. ಇಟಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. 9ಜೆ (ಅಂದರೆ 9 ಇಂಚು) ಅಗಲ, ಇಟಿ 52 ಇದ್ದ ರಿಮ್ ತೆಗೆದು 8.5ಜೆ, ಇಟಿ 35 ಹಾಕಿದಿರಿ ಅನ್ನಿ. ರಿಮ್ ಅರ್ಧ ಇಂಚು ಸಣ್ಣದಾಗಿದೆ, ಆದರೂ ಅದರ ಹೊರಗಿನ ಅಂಚು ಸುಮಾರು 11 ಮಿ.ಮೀ. ಆಚೆ ಬಂದಿರುತ್ತದೆ! ಫೆಂಡರಿಗೆ ಉಜ್ಜುವುದು, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಳೆಯುವುದು, ಬೇರಿಂಗ್ ಬೇಗ ಸದ್ದು ಮಾಡುವುದು ಎಲ್ಲ ಇಲ್ಲಿಂದಲೇ.

ಅಂಗಡಿಯಲ್ಲಿ ನಿಲ್ಲಿಸಿ ಸ್ಟೀರಿಂಗ್ ಪೂರ್ತಿ ತಿರುಗಿಸಿ 'ತಾಗಲ್ಲ ಸಾರ್' ಅಂದರೆ ನಂಬಬೇಡಿ. ಪೂರ್ತಿ ಪೆಟ್ರೋಲ್ ಹಾಕಿಸಿ, ಜನರನ್ನು ಕೂರಿಸಿಕೊಂಡು (ಟಿಟಿಯ ಹಿಂದಿನ ಸೀಟಿನಲ್ಲಿ ಕೂರಲು ಒಪ್ಪುವವರು ಸಿಕ್ಕರೆ) ನಿಧಾನಕ್ಕೆ ಚಾಮುಂಡಿ ಬೆಟ್ಟ ಹತ್ತಿ ಇಳಿಯಿರಿ. ಕೆಳಗೆ ಬಂದು ಫೆಂಡರ್ ಲೈನರ್ ಒಳಗೆ ಟಾರ್ಚ್ ಬಿಡಿ. ಧೂಳು ಹಿಡಿದ ಪ್ಲಾಸ್ಟಿಕ್ ಮೇಲೆ ಒಂದು ಕಡೆ ಮಾತ್ರ ಉಜ್ಜಿ ಹೊಳೆಯುವ ಪಟ್ಟಿ ಕಂಡರೆ ಆ ರಿಮ್ ವಾಪಸ್ ಕೊಡಿ.

ಪಿಸಿಡಿ, ಅಂದರೆ ಬೋಲ್ಟಿನ ತೂತು ಎಷ್ಟು, ಅವು ಕೂರುವ ವೃತ್ತದ ವ್ಯಾಸ ಎಷ್ಟು ಮಿ.ಮೀ. ಅನ್ನುವುದು ಹೊಂದಲೇಬೇಕು, ಅದರಲ್ಲಿ ಚೌಕಾಸಿಯಿಲ್ಲ. ಟಿಟಿಗೆ 5×112, ಮಸ್ಟ್ಯಾಂಗ್‌ಗೆ 5×114.3, ಹಳೆಯ ಬಿಎಂಡಬ್ಲ್ಯು 3 ಸರಣಿಗೆ 5×120. ನಡುವಿನ ತೂತಿನ ಬಗ್ಗೆ ಮಾತ್ರ ಎರಡು ಮಾತು ಬೇಕು. ಹೊರಗಿನ ರಿಮ್ಮುಗಳು ಎಲ್ಲ ಕಾರಿಗೂ ಆಗಲಿ ಅಂತ ದೊಡ್ಡ ತೂತಿನೊಂದಿಗೆ ಬರುತ್ತವೆ, 73.1 ಮಿ.ಮೀ. ಸಾಮಾನ್ಯ. ಟಿಟಿಯ ಹಬ್ 57.1. ನಡುವಿನ ಜಾಗಕ್ಕೆ ಸರಿಯಾದ ಅಳತೆಯ ರಿಂಗ್ ಹಾಕದಿದ್ದರೆ ರಿಮ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತುಬಿಡುತ್ತದೆ. ವೇಗ ಹೆಚ್ಚಿದಾಗ ನಡುಕ ಶುರು.

ರಿಮ್ಮಿಗೆ ಲಕ್ಷ ಸುರಿದು ಟೈರಿಗೆ ಜಿಪುಣತನ ಮಾಡುವುದು ನನಗೆ ಅರ್ಥವೇ ಆಗದ ವಿಷಯ. ವಿಕ್ರಾಂತ್ ಟೈರ್ ಕಾರ್ಖಾನೆ ಇದ್ದ ಊರು ನಮ್ಮದು, ಟೈರ್ ನೋಡುವ ಕಣ್ಣು ಇಲ್ಲಿನವರಿಗೆ ಇರಬೇಕಿತ್ತು. ಸೈಜಿನ ಪಕ್ಕದ ಅಂಕಿಯನ್ನೂ ಅಕ್ಷರವನ್ನೂ ಓದಿ. 93 ಅಂದರೆ ಒಂದು ಟೈರ್ 650 ಕೆ.ಜಿ. ಹೊರುತ್ತದೆ, 97 ಅಂದರೆ 730. ವೈ ಅಂದರೆ ಗಂಟೆಗೆ 300 ಕಿ.ಮೀ. ವೇಗದವರೆಗೆ. ಕಂಪನಿ ಟೈರಿನಲ್ಲಿದ್ದ ಭಾರದ ಅಂಕಿಗಿಂತ ಕೆಳಗೆ ಇಳಿಯಬಾರದು. ಟೈರಿನ ಪಕ್ಕೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ 2319 ಅಂತಿದ್ದರೆ 2019ರ 23ನೇ ವಾರದ ಮಾಲು, ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ. ಕ್ವಾಟ್ರೊ ಥರದ ನಾಲ್ಕು ಚಕ್ರವೂ ಎಳೆಯುವ ಗಾಡಿಗೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ.

ರಿಮ್ ಕೊಳ್ಳುವಾಗ ತೂಕ ಹಾಕಿಸಿ, ತರಕಾರಿ ಮಂಡಿಯ ತಕ್ಕಡಿಯಾದರೂ ಸರಿ. ಕಂಪನಿ ರಿಮ್ಮಿಗಿಂತ ಭಾರವಿದ್ದರೆ ಎಂಜಿನ್ ಎಳೆಯುವುದೂ ಮಂಕು, ಸಸ್ಪೆನ್ಶನ್ನೂ ಒರಟು. ನೋಟಕ್ಕೆ ಹೆಸರಾಂತ ಕಂಪನಿಯಂತೆಯೇ ಇರುವ ನಕಲಿ ಎರಕದ ರಿಮ್ಮುಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಹೇಳಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನ ಬದಲಿಸುವಂತಿಲ್ಲ. ಅನುಮತಿಯಿಲ್ಲದ ಬದಲಾವಣೆಗೆ ತಲಾ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದಕ್ಕೇ ಆ ಕಾರಿನ ಮಾಲೀಕರ ಕೈಪಿಡಿಯಲ್ಲಿ ಇರುವ ಸೈಜಿನಲ್ಲೇ ಆರಿಸಿಕೊಳ್ಳಿ, ವಿಮೆ ಕಂಪನಿಗೂ ಬರೆದು ತಿಳಿಸಿ.

ಕೊನೆಯದು ಬೋಲ್ಟು. ಆಡಿಯವರ ಬೋಲ್ಟಿನ ಕುತ್ತಿಗೆ ಗುಂಡಗೆ, ಹೊರಗಿನ ರಿಮ್ಮುಗಳ ತೂತು ಹೆಚ್ಚಾಗಿ ಶಂಕುವಿನಾಕಾರ. ಒಂದಕ್ಕೆ ಇನ್ನೊಂದು ಹಾಕಿದರೆ ಬಿಗಿಯಾದಂತೆ ಕಂಡರೂ ಕೂತಿರುವುದಿಲ್ಲ, ಓಡುತ್ತಾ ಸಡಿಲವಾಗುತ್ತದೆ. ಹೊಸ ರಿಮ್ಮಿಗೆ ಹೊಸ ಬೋಲ್ಟು ತಗೊಳ್ಳಿ, ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿಸಿ, ಮೈಸೂರಿಂದ ಮಂಡ್ಯಕ್ಕೆ ಹೋಗಿ ಬಂದು ಇನ್ನೊಮ್ಮೆ ನೋಡಿ. ಹಳೆಯ ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ. ಡಿಕ್ಕಿಯಲ್ಲಿ ಕಂಪನಿಯ ಸಣ್ಣ ಸ್ಟೆಪ್ನಿ ಇದ್ದರೆ ಅದು ಕೂರುವುದು ಆ ಗುಂಡು ಕುತ್ತಿಗೆಯ ಬೋಲ್ಟಿಗೇ. ಐದನ್ನು ಬಟ್ಟೆಯಲ್ಲಿ ಸುತ್ತಿ ಜಾಕ್ ಪಕ್ಕದಲ್ಲೇ ಇಟ್ಟಿರಿ.