ತೋಟಗಾರಿಕೆ ಚಿಕಿತ್ಸೆ: ಸೋತ ಕೈಗೆ ಮೆಂತ್ಯದ ಕುಂಡ

ಗಿಡಗಳ ನಡುವೆ ಅಡ್ಡಾಡಿದಾಗ ಮನಸ್ಸು ಹಗುರಾಗುವುದು ಬೇರೆ, ತೋಟಗಾರಿಕೆ ಚಿಕಿತ್ಸೆ ಬೇರೆ. ಈ ವಿಷಯದ ಬಗ್ಗೆ ಬರೆಯುವಾಗ ನಾವು ಹಲವು ಸಲ ಎರಡನ್ನೂ ಬೆರೆಸಿಬಿಡುತ್ತೇವೆ. ರೋಗಿಯ ಕೈಲಾಗುವುದೇನು ಎಂಬುದನ್ನು ಮೊದಲು ನೋಡಿ, ಗುರಿಯೊಂದನ್ನು ಗೊತ್ತುಪಡಿಸಿ, ಅದಕ್ಕೆ ಹೊಂದುವ ತೋಟದ ಕೆಲಸವನ್ನು ತರಬೇತಿ ಪಡೆದವರು ಮಾಡಿಸಿ, ಆದ ಬದಲಾವಣೆಯನ್ನು ದಾಖಲಿಸಿದರೆ ಮಾತ್ರ ಅದು ಚಿಕಿತ್ಸೆ.

ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಾಚೆ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆ ಸೇರಿದರು; ಪ್ರಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಆದರೆ ಅವರಲ್ಲಿ ಯಾರೂ ಮಣ್ಣು ಮುಟ್ಟಿರಲಿಲ್ಲ. ಅದು ನೋಟದ ಪರಿಣಾಮಕ್ಕೆ ಆಧಾರವೇ ಹೊರತು ತೋಟದ ಕೆಲಸಕ್ಕಲ್ಲ.

ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಸುತ್ತಲೂ ದಾಳಿಂಬೆ ತೋಟಗಳಿವೆ. ಹಾಗೆಂದು ಲಕ್ವಾ ಹೊಡೆದು ಬಲಗೈ ಸೋತವರ ಮುಂದೆ ದಾಳಿಂಬೆಯ ಸಸಿ ಇಡುವುದು ಸರಿಯಲ್ಲ. ಅದಕ್ಕೆ ಮುಳ್ಳಿದೆ, ಸ್ಪರ್ಶಜ್ಞಾನ ಕುಂದಿದ ಬೆರಳಿಗೆ ಚುಚ್ಚಿದ್ದು ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ. ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಮೆಂತ್ಯವಾದರೋ ಮೂರು-ಐದು ದಿನಗಳಲ್ಲಿ ಮೊಳೆತು, ತಿಂಗಳೊಪ್ಪತ್ತಿನಲ್ಲಿ ತಪ್ಪಲು ಕೊಡುತ್ತದೆ.

ಕೆಲಸವನ್ನು ಬಿಡಿಸಿ ನೋಡೋಣ. ಬರೀ ಕಪ್ಪು ಎರೆಮಣ್ಣು ಹಸಿಯಿದ್ದಾಗ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಆದ್ದರಿಂದ ಮರಳನ್ನೂ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ ಸಡಿಲಗೊಳಿಸಬೇಕು. ಮೇಜಿನ ಮೇಲಿಟ್ಟ ಅಗಲ ಬಾಯಿಯ ಕುಂಡವನ್ನು ಬಲಗೈ ಒತ್ತಿ ಹಿಡಿದಿರಲಿ, ಎಡಗೈ ಮಣ್ಣು ತುಂಬಲಿ. ಬಲಗೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರಬಾರದು ಎಂಬುದೇ ಇಲ್ಲಿನ ಮುಖ್ಯ ಉದ್ದೇಶ. ಕೆಲವು ದಿನಗಳ ನಂತರ ಅದೇ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದೊಂದೇ ಕಾಳು ಎತ್ತಿ ಉದುರಿಸಲು ಹೇಳಬೇಕು. ಮೆಂತ್ಯದ ಕಾಳು ಜಾರಿದರೆ ಅವರೆಕಾಳಿಗೆ ಹೋಗುವುದು ಸೋಲಲ್ಲ, ಕೆಲಸದ ಮಟ್ಟವನ್ನು ಇಳಿಸುವುದಷ್ಟೇ. ಕುರ್ಪಿಯ ಹಿಡಿ ಸಣ್ಣದೆನಿಸಿದರೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಬಹುದು.

ಏಪ್ರಿಲ್-ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಕೆಲಸ ಬೆಳಗಿನ ಹೊತ್ತೇ ಮುಗಿಯಬೇಕು. ಮಾನಸಿಕ ಕಾಯಿಲೆಗೆ ಲಿಥಿಯಂ ಸೇವಿಸುವವರು ಬೆವರಿ ನೀರಿನಂಶ ಕಳೆದುಕೊಂಡರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯಕಾರಿಯಾಗಿ ಏರಬಹುದು. ಧನುರ್ವಾಯು ಲಸಿಕೆ ಆಗಿದೆಯೇ ಎಂದೂ ಕೇಳಿಕೊಳ್ಳಬೇಕು.

ದಾಖಲೆಯಲ್ಲಿ ‘ರೋಗಿ ಖುಷಿಯಾಗಿದ್ದರು’ ಎಂದು ಬರೆದರೆ ಸಾಲದು. ಎಷ್ಟು ಕಾಳು ಎತ್ತಿದರು, ಎಷ್ಟು ನಿಮಿಷಕ್ಕೆ ಕೈ ಸೋತಿತು ಎಂಬುದು ಇರಬೇಕು. ತಪ್ಪಲು ಕಿತ್ತು ಸೂಡು ಕಟ್ಟಲು ಎರಡೂ ಕೈ ಬೇಕು. ಮೊದಲ ದಿನ ಕುಂಡವನ್ನಷ್ಟೇ ಒತ್ತಿ ಹಿಡಿದಿದ್ದ ಬಲಗೈ ಅಂದು ದಾರದ ತುದಿಯನ್ನು ಹಿಡಿಯಿತೇ ಎಂಬುದನ್ನು ತಪ್ಪದೆ ಬರೆದಿಡಬೇಕು.