ಮ್ಯಾಗಜಿನ್ ಬಿಟ್ಟು ಹಿಡಿಕೆಯ ಮೇಲೆ ನಿಷೇಧ

"ಎಆರ್-15 ಮೆಷಿನ್ ಗನ್ ಅಲ್ಲವಲ್ಲ, ಮತ್ತೇಕೆ ನಿಷೇಧ?" ಅಮೆರಿಕದ ಬಂದೂಕು ಕಾನೂನಿನ ಮಾತೆತ್ತಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ, ನಿಜ. ಅದು ಸೆಮಿ ಆಟೊಮ್ಯಾಟಿಕ್ ರೈಫಲ್: ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಆದರೆ ಆ ಗುಂಡನ್ನು ತಳ್ಳಿದ ಅನಿಲವೇ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ, ಮುಂದಿನದು ತಾನಾಗಿ ನಳಿಗೆಗೆ ಏರುತ್ತದೆ. ಕೊಡಗಿನ ಮನೆಗಳ ಜೋಡುನಳಿಗೆ ಕೋವಿಯಾದರೆ ಎರಡು ಈಡಿನ ಮೇಲೆ ಮಡಚಿ ತೋಟಾ ತುಂಬಲೇಬೇಕು. ಇಲ್ಲಿ 30 ಗುಂಡಿನ ಮ್ಯಾಗಜಿನ್ (ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸುವ ಡಬ್ಬಿ) ಬರಿದಾಗುವ ತನಕ ಬೆರಳಾಡಿಸಿದರೆ ಸಾಕು. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಂಥದ್ದೇ ರೈಫಲ್‌ನಿಂದ ಐದು ನಿಮಿಷದೊಳಗೆ 150ಕ್ಕೂ ಹೆಚ್ಚು ಗುಂಡು ಹಾರಿದವು. ಸತ್ತವರು 20 ಮಕ್ಕಳು, ಆರು ಮಂದಿ ಸಿಬ್ಬಂದಿ.

ಜೀವ ಉಳಿಯುವುದು ಬಂದೂಕು ನಿಂತ ಆ ಕ್ಷಣದಲ್ಲಿ. 2011ರಲ್ಲಿ ಅಮೆರಿಕದ ಟೂಸಾನ್ ನಗರದಲ್ಲಿ ಹಂತಕ ಪಿಸ್ತೂಲಿನ 33 ಗುಂಡಿನ ಮ್ಯಾಗಜಿನ್ ಬದಲಿಸಲು ಹೋದಾಗಲೇ ಸುತ್ತಲಿದ್ದವರು ಅವನನ್ನು ಕೆಡವಿದ್ದು. ಮೊದಲ ಮ್ಯಾಗಜಿನ್‌ನಲ್ಲಿ ಹತ್ತೇ ಗುಂಡಿದ್ದರೆ? ದಯವಿಟ್ಟು ಇಷ್ಟು ಯೋಚಿಸಿ.

ಇಂಥ ರೈಫಲ್‌ಗಳ ಮೇಲೆ ಅಮೆರಿಕ ಹೇರಿದ 1994ರ ನಿಷೇಧ ಮಾತ್ರ ಬಹುಪಾಲು ರೂಪ ನೋಡಿತು. ಕಳಚುವ ಮ್ಯಾಗಜಿನ್ನಿನ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಪಿಸ್ತೂಲಿನಂಥ ಹಿಡಿಕೆ, ಮಡಚುವ ಹಿಂಬದಿ, ಬಯೊನೆಟ್ ಸಿಕ್ಕಿಸುವ ಜಾಗ ಮುಂತಾದವುಗಳಲ್ಲಿ ಎರಡಿದ್ದರೆ ನಿಷಿದ್ಧ. ತಯಾರಕರು ಹಿಡಿಕೆ ಉಳಿಸಿ, ಉಳಿದದ್ದು ತೆಗೆದು ಅದೇ ರೈಫಲ್ ಮಾರಿದರು. ಹತ್ತಕ್ಕಿಂತ ಹೆಚ್ಚು ಗುಂಡಿನ ಹೊಸ ಮ್ಯಾಗಜಿನ್‌ಗೂ ತಡೆಯಿತ್ತು, ಅದು ಸರಿಯಾದ ಹೆಜ್ಜೆ. ಆದರೆ ಆಗಲೇ ತಯಾರಾದವುಗಳ ಮಾರಾಟಕ್ಕೆ ಅಡ್ಡಿಯಿರಲಿಲ್ಲ. 2004ರಲ್ಲಿ ಅವಧಿ ಮುಗಿದು ಕಾನೂನೇ ಹೋಯಿತು. ಅದರ ಪರಿಣಾಮದ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ, ಒಪ್ಪುತ್ತೇನೆ. ಆದರೆ "ನಿಷೇಧ ಮಾಡಿ ನೋಡಿಯಾಯಿತು" ಎನ್ನುವವರು ನಿಷೇಧವಾದದ್ದು ಏನು ಎಂದು ಮೊದಲು ಓದಬೇಕು.

ನ್ಯೂಜಿಲೆಂಡ್‌ನಲ್ಲಿ ಸಂದು ಇದ್ದದ್ದು ಮ್ಯಾಗಜಿನ್‌ನಲ್ಲೇ. ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಏಳು ಗುಂಡಿನ ತನಕ ಸಾಮಾನ್ಯ ಲೈಸೆನ್ಸ್ ಸಾಕಿತ್ತು, ಮೇಲಾದರೆ ವಿಶೇಷ ಅನುಮತಿ ಬೇಕಿತ್ತು. ಆದರೆ ದೊಡ್ಡ ಮ್ಯಾಗಜಿನ್ನನ್ನು ಬಿಡಿಯಾಗಿ ಕೊಳ್ಳಲು ಲೈಸೆನ್ಸೇ ಬೇಕಿರಲಿಲ್ಲ! 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಇದರಲ್ಲೇ ನುಸುಳಿದ. ತಿಂಗಳೊಳಗೆ ಬಂದ ಹೊಸ ಕಾನೂನು ಹೆಚ್ಚಿನ ಸೆಮಿ ಆಟೊಮ್ಯಾಟಿಕ್‌ಗಳ ಜೊತೆ ದೊಡ್ಡ ಮ್ಯಾಗಜಿನ್, ಬಿಡಿಭಾಗ ಎಲ್ಲವನ್ನೂ ನಿಷೇಧಿಸಿತು. ಹತ್ತು ಗುಂಡಿನೊಳಗಿನ .22 ರಿಮ್‌ಫೈರ್‌ಗೆ (ಕಡಿಮೆ ಶಕ್ತಿಯ ಸಣ್ಣ ತೋಟಾದ ಬಂದೂಕು) ವಿನಾಯಿತಿ ಉಳಿಯಿತು, ಹೊಲದಲ್ಲಿ ಮೊಲ ಹೊಡೆಯುವ ರೈತನಿಗೆ ಅಷ್ಟು ಸಾಕು. ಜನರ ಕೈಯಲ್ಲಿದ್ದ 56,000ಕ್ಕೂ ಹೆಚ್ಚು ಬಂದೂಕುಗಳನ್ನು ಸರ್ಕಾರ ಹಣ ಕೊಟ್ಟು ವಾಪಸ್ ಪಡೆಯಿತು. ಅಮೆರಿಕ 1994ರಲ್ಲಿ ಮಾಡದೆ ಬಿಟ್ಟದ್ದು ಈ ಕೊನೆಯ ಕೆಲಸವನ್ನೇ: ಜನರ ಕೈಯಲ್ಲಿದ್ದ ಹಳೆಯದನ್ನು ವಾಪಸ್ ಪಡೆಯಲಿಲ್ಲ, ಡಬ್ಬಿ, ಸ್ಪ್ರಿಂಗು ಅಷ್ಟೇ ಇರುವ ಮ್ಯಾಗಜಿನ್ ದಶಕಗಟ್ಟಲೆ ಕೆಡುವುದಿಲ್ಲ.