ಮಗು ಮಾತು ಕೇಳ್ತಿಲ್ಲ ಅಂದ್ರೆ ಒಮ್ಮೆ ಕಿವಿ ತೋರಿಸಿ

"ಡಾಕ್ಟ್ರೇ, ಇವನಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ಚಾಕೊಲೇಟ್ ಅಂದ್ರೆ ಸಾಕು, ಪಕ್ಕದ ರೂಮಿಂದ ಓಡಿ ಬರ್ತಾನೆ. ಹೋಮ್‌ವರ್ಕ್ ಅಂದ್ರೆ ಮಾತ್ರ ಕಿವುಡು."

ಮೂರರಿಂದ ಆರು ವರ್ಷದ ಮಕ್ಕಳ ಅಪ್ಪ ಅಮ್ಮಂದಿರು ನನ್ನ ಹತ್ತಿರ ಮತ್ತೆ ಮತ್ತೆ ಹೇಳುವ ಮಾತಿದು. ಶಾಲೆಯ ಡೈರಿಯಲ್ಲಿ 'ಗಮನ ಕೊಡುವುದಿಲ್ಲ' ಅಂತ ಬರೆದಿರುತ್ತದೆ. ಮನೆಯಲ್ಲಿ ಟಿವಿ ಸೌಂಡು ಜಾಸ್ತಿಯಾಗಿರುತ್ತದೆ. ಹಠ ಅಂತ ಒಂದೆರಡು ಏಟೂ ಬಿದ್ದಿರುತ್ತವೆ. ಇಂಥ ಎಷ್ಟೋ ಮಕ್ಕಳ ಕಿವಿ ನೋಡಿದರೆ ತಮಟೆಯ ಹಿಂದೆ ನೀರು ನಿಂತಿರುತ್ತದೆ. ಇದಕ್ಕೆ ಗ್ಲೂ ಇಯರ್ ಅನ್ನುತ್ತೇವೆ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದಿಲ್ಲ. ಹಾಗಾಗಿಯೇ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಚಾಕೊಲೇಟ್ ವಿಷಯಕ್ಕೇ ಬರೋಣ. ಗ್ಲೂ ಇಯರ್ ಮಗುವನ್ನು ಪೂರ್ತಿ ಕಿವುಡು ಮಾಡುವುದಿಲ್ಲ. ಸಾಮಾನ್ಯವಾಗಿ 20ರಿಂದ 30 ಡೆಸಿಬೆಲ್‌ನಷ್ಟು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಕೇಳಿಸುವುದು ಕಡಿಮೆಯಾಗುತ್ತದೆ. ನಿಮ್ಮ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯವರ ಮಾತು ಕೇಳಿ ನೋಡಿ, ಹೆಚ್ಚು ಕಡಿಮೆ ಅಷ್ಟು. ಗೊತ್ತಿರುವ, ಇಷ್ಟದ ಒಂದೇ ಪದವನ್ನು ಮಗು ಅರ್ಧ ಕೇಳಿಯೂ ಹಿಡಿಯುತ್ತದೆ. "ಬ್ಯಾಗಿಂದ ಕನ್ನಡ ಪುಸ್ತಕ ತೆಗೆದು ಅಜ್ಜಿ ಹತ್ರ ಕೂತ್ಕೊ" ಅಂದರೆ ಅದರಲ್ಲಿ ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ. ಕ, ತ, ಪ, ಸ ಇಂಥ ಅಕ್ಷರಗಳ ಸದ್ದಿಗೆ ಮೊದಲೇ ಬಲ ಕಡಿಮೆ. ಕಟ್ಟೆ, ತಟ್ಟೆ, ಪಟ್ಟೆ ಮೂರೂ ಈ ಮಗುವಿಗೆ ಒಂದೇ ಥರ ಕೇಳಿಸಬಹುದು. ಮಾತು ಕಲಿಯುವ ವಯಸ್ಸಿನಲ್ಲಿ ಇದು ಚಿಕ್ಕ ವಿಷಯವಲ್ಲ.

ಇನ್ನೊಂದು ತೊಡಕಿದೆ. ಈ ಕಿವುಡು ಪ್ರತಿದಿನ ಒಂದೇ ಥರ ಇರುವುದಿಲ್ಲ. ನೆಗಡಿ ಬಂದಾಗ ಜಾಸ್ತಿ, ಹೋದಾಗ ಕಡಿಮೆ. "ನಿನ್ನೆ ಕೇಳಿಸ್ತಿತ್ತು, ಇವತ್ತು ಬೇಕಂತಲೇ ಮಾಡ್ತಿದಾಳೆ" ಅಂತ ದೊಡ್ಡವರು ತೀರ್ಮಾನಿಸುವುದು ಇಲ್ಲೇ. ಮಗುವಿಗಂತೂ "ನನಗೆ ಸರಿಯಾಗಿ ಕೇಳಿಸ್ತಿಲ್ಲ" ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಲೋಕವೇ ಹಾಗೆ ಮೆಲ್ಲಗಾಗಿದೆ.

ನೀರು ನಿಲ್ಲುವುದು ಯಾಕೆ? ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಾಳವಿದೆ, ಯೂಸ್ಟೇಶಿಯನ್ ನಾಳ. ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಯೊಳಗೆ ಗಾಳಿ ಬಿಡುತ್ತದೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ದೊಡ್ಡವರಿಗಿಂತ ಅಡ್ಡವಾಗಿ ಮಲಗಿರುತ್ತದೆ, ನೆಗಡಿ ಬಂದರೆ ಬೇಗ ಮುಚ್ಚಿಕೊಳ್ಳುತ್ತದೆ. ಅದರ ಬಾಯಿಯ ಪಕ್ಕದಲ್ಲೇ, ಮೂಗಿನ ಹಿಂದೆ, ಅಡಿನಾಯ್ಡ್ ಅನ್ನುವ ಮೆತ್ತನೆಯ ಗಡ್ಡೆಯಿದೆ, ಅದು ಊದಿಕೊಂಡರೂ ನಾಳಕ್ಕೆ ಅಡ್ಡಿ. ಗಾಳಿ ಹೋಗದ ಕಡೆ ದ್ರವ ಸೇರುತ್ತದೆ, ದಿನ ಕಳೆದಂತೆ ಅಂಟಂಟಾಗುತ್ತದೆ. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಇದ್ದರೆ, ಮಲಗಿಸಿಕೊಂಡು ಬಾಟಲಿ ಹಾಲು ಕೊಡುತ್ತಿದ್ದರೆ ಅಪಾಯ ಹೆಚ್ಚು. ಸ್ನಾನದ ನೀರು ಕಿವಿಗೆ ಹೋಗಿ ಇದು ಬರುವುದಿಲ್ಲ. ಅಜ್ಜಿಯಂದಿರು ಸುಮ್ನೆ ಸೊಸೆಯನ್ನು ಬಯ್ಯುವುದು ಬೇಡ.

"ಹುಟ್ಟಿದಾಗ ಆಸ್ಪತ್ರೆಯಲ್ಲಿ ಕಿವಿ ಟೆಸ್ಟ್ ಮಾಡಿದ್ರು, ಪಾಸ್ ಆಗಿತ್ತಲ್ಲ?" ಅಂತ ಕೇಳುತ್ತಾರೆ. ಪಾಸ್ ಆಗಿದ್ದು ನಿಜ. ಗ್ಲೂ ಇಯರ್ ಬಂದಿದ್ದು ಆಮೇಲೆ.

ಪತ್ತೆ ಮಾಡುವುದು ಕಷ್ಟವಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ತಮಟೆ ನೋಡುತ್ತೇವೆ. ಟಿಂಪನೋಮೆಟ್ರಿ ಅನ್ನುವ ಪರೀಕ್ಷೆಯಲ್ಲಿ ಕಿವಿಗೆ ಮೆತ್ತನೆಯ ತುದಿ ಇಟ್ಟು ಗಾಳಿಯ ಒತ್ತಡ ಸ್ವಲ್ಪ ಬದಲಿಸುತ್ತೇವೆ. ಸರಿಯಿರುವ ತಮಟೆ ಅಲುಗುತ್ತದೆ, ಗ್ರಾಫ್‌ನಲ್ಲಿ ಗುಡ್ಡದಂಥ ಗೆರೆ ಬರುತ್ತದೆ. ಹಿಂದೆ ನೀರಿದ್ದರೆ ಗೆರೆ ಸಪಾಟು. ಆಮೇಲೆ ಎಷ್ಟು ಕೇಳಿಸುತ್ತದೆ ಅಂತ ಅಳೆಯಬೇಕು. ಇದನ್ನು ಬಿಡಬೇಡಿ. ನಾಲ್ಕು ವರ್ಷದ ಮಗುವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗಲೆಲ್ಲ ಒಂದು ಬ್ಲಾಕ್ ಡಬ್ಬಕ್ಕೆ ಹಾಕು ಅಂದರೆ ಖುಷಿಯಾಗಿ ಹಾಕುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿಗೂ ಈ ಪರೀಕ್ಷೆಗಳಿವೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಸಂಶಯ ಹೇಳಬಹುದು. ಅವರು ಮುಂದಿನ ತಪಾಸಣೆಗೆ ಕಳಿಸಿಕೊಡುತ್ತಾರೆ.

ಈಗ ಚಿಕಿತ್ಸೆ. ಇಲ್ಲಿ ನಾನು ಹೇಳುವ ಮೊದಲ ಮಾತು ಅಪ್ಪ ಅಮ್ಮಂದಿರಿಗೆ ಹಿಡಿಸುವುದಿಲ್ಲ: ಮೂರು ತಿಂಗಳು ಕಾಯೋಣ.

"ಅಂದ್ರೆ ಮಾತ್ರೆ ಏನೂ ಇಲ್ವಾ?" ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ನೀರು ತಾನಾಗಿ ಇಂಗುತ್ತದೆ. ಅದನ್ನು ಬೇಗ ಇಂಗಿಸುವ ಔಷಧ ನಮ್ಮ ಹತ್ತಿರ ಇಲ್ಲ. ಆಂಟಿಬಯಾಟಿಕ್, ನೆಗಡಿ ಸಿರಪ್, ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಇವ್ಯಾವನ್ನೂ ಗ್ಲೂ ಇಯರ್‌ಗೆ ಕೊಡಬೇಡಿ ಅಂತ ಅಮೆರಿಕದ ಇಎನ್‌ಟಿ ವೈದ್ಯರ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವೇಲ್ಸ್ ಮತ್ತು ಇಂಗ್ಲೆಂಡಿನ 389 ಮಕ್ಕಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಒಂದು ವಾರ ಸ್ಟೀರಾಯ್ಡ್, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಐದು ವಾರದ ಹೊತ್ತಿಗೆ ಸ್ಟೀರಾಯ್ಡ್ ತಗೊಂಡವರಲ್ಲಿ ನೂರಕ್ಕೆ 40 ಮಕ್ಕಳಿಗೆ ಕಿವಿ ಸರಿಹೋಗಿತ್ತು, ಔಷಧವಿಲ್ಲದ ಮಾತ್ರೆ ತಗೊಂಡವರಲ್ಲೂ 33 ಮಕ್ಕಳಿಗೆ ಸರಿಹೋಗಿತ್ತು. ಔಷಧದಿಂದಲೇ ಆಯಿತು ಅನ್ನುವಷ್ಟು ವ್ಯತ್ಯಾಸ ಅದಲ್ಲ. ಸಿರಪ್ ಕುಡಿಸಿದ ಮೇಲೆ ಗುಣವಾದರೆ ಎಲ್ಲರೂ ಸಿರಪ್ಪನ್ನೇ ಹೊಗಳುತ್ತಾರೆ. ಬಹಳ ಸಲ ಅದು ಸುಮ್ಮನಿದ್ದರೂ ಆಗುತ್ತಿದ್ದ ಗುಣ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಹಾಕಬೇಡಿ. ನೀರಿರುವುದು ತಮಟೆಯ ಆಚೆ, ಎಣ್ಣೆ ನಿಲ್ಲುವುದು ಈಚೆ. ತಮಟೆಯಲ್ಲಿ ತೂತಿದ್ದರೆ ಸೋಂಕಾಗುತ್ತದೆ, ಬಿಸಿ ಹೆಚ್ಚಾದರೆ ಚರ್ಮ ಸುಡುತ್ತದೆ.

ಕಾಯುವುದು ಅಂದರೆ ಏನೂ ಮಾಡದೆ ಕೂರುವುದಲ್ಲ. ಈ ಮೂರು ತಿಂಗಳಲ್ಲಿ ನಿಜವಾದ ಚಿಕಿತ್ಸೆ ಮನೆಯವರದ್ದು. ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಭುಜ ಮುಟ್ಟಿ, ಮುಖ ನೋಡಿಕೊಂಡು ಮಾತಾಡಿ. ಟಿವಿ, ಮಿಕ್ಸಿ ನಿಲ್ಲಿಸಿ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಲಗುವ ಮುಂಚೆ ತೊಡೆ ಮೇಲೆ ಕೂರಿಸಿಕೊಂಡು ಕಥೆ ಹೇಳಿದರೆ ದಿನದಲ್ಲಿ ಆ ಸ್ವಲ್ಪ ಹೊತ್ತಾದರೂ ಮಾತು ಪೂರ್ತಿಯಾಗಿ ಕಿವಿಗೆ ಬೀಳುತ್ತದೆ. ಟೀಚರ್‌ಗೆ ಹೇಳಿ ಮುಂದಿನ ಬೆಂಚು ಕೊಡಿಸಿ. ನಾನು ಇದನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ, ಬಾಯಿಮಾತಿಗಿಂತ ಡಾಕ್ಟರ ಚೀಟಿಗೆ ಶಾಲೆಯಲ್ಲಿ ಬೆಲೆ ಜಾಸ್ತಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಮೂಗಿನ ಒಂದು ಹೊಳ್ಳೆಯಿಂದ ಬಲೂನ್ ಊದಿಸುವ ಪುಟ್ಟ ಸಾಧನವಿದೆ. ದಿನಕ್ಕೆ ಕೆಲವು ಸಲ ತಪ್ಪದೆ ಊದಿದರೆ ಕೆಲವರಿಗೆ ಪ್ರಯೋಜನವಾಗುತ್ತದೆ.

ಎಲ್ಲರೂ ಕಾಯಬೇಕು ಅಂತಿಲ್ಲ. ಸೀಳು ಅಂಗುಳಿನ ಮಕ್ಕಳು, ಡೌನ್ ಸಿಂಡ್ರೋಮ್ ಇರುವವರು, ಮೊದಲೇ ಮಾತು ಹಿಂದುಳಿದವರು, ಕಣ್ಣಿನ ತೊಂದರೆ ಅಥವಾ ಆಟಿಸಂ ಇರುವವರು, ಇವರ ವಿಷಯದಲ್ಲಿ ಬೇಗ ನಿರ್ಧಾರ ಮಾಡಬೇಕು. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅನ್ನುವ ಸಮಾಧಾನ ಕಿವಿ ಪರೀಕ್ಷೆಗೆ ಬದಲಿಯಾಗಬಾರದು.

ಮೂರು ತಿಂಗಳ ಮೇಲೂ ಎರಡೂ ಕಿವಿಯಲ್ಲಿ ನೀರಿದೆ, ಕೇಳಿಸುವುದೂ ಕಡಿಮೆಯಿದೆ ಅಂದಾಗ ಗ್ರೋಮೆಟ್ ಮಾತು ಬರುತ್ತದೆ. ತಮಟೆಯಲ್ಲಿ ಚಿಕ್ಕ ಸೀಳು ಮಾಡಿ, ದ್ರವ ಹೀರಿ ತೆಗೆದು, ಒಂದೆರಡು ಮಿಲಿಮೀಟರಿನ ಪ್ಲಾಸ್ಟಿಕ್ ಕೊಳವೆ ಕೂರಿಸುತ್ತೇವೆ. ಮುಚ್ಚಿದ ನಾಳದ ಕೆಲಸವನ್ನು ಆ ಕೊಳವೆ ಮಾಡುತ್ತದೆ. ಅಮೆರಿಕದ ಡಾ. ಆರ್ಮ್‌ಸ್ಟ್ರಾಂಗ್ 1954ರಲ್ಲಿ ಇದನ್ನು ಮತ್ತೆ ಬಳಕೆಗೆ ತಂದರು. ಮಕ್ಕಳಿಗೆ ಪೂರ್ತಿ ಎಚ್ಚರ ತಪ್ಪಿಸುವ ಅರಿವಳಿಕೆ ಬೇಕು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ ಹೋಗಬಹುದು. ಎಷ್ಟೋ ಮಕ್ಕಳು ಮಾರನೇ ದಿನ "ಯಾಕೆ ಎಲ್ಲರೂ ಜೋರಾಗಿ ಕೂಗ್ತಿದೀರ?" ಅಂತ ಕಿವಿ ಮುಚ್ಚಿಕೊಳ್ಳುತ್ತಾರೆ. ಆ ದೂರು ಕೇಳುವುದು ನನಗೆ ತುಂಬ ಖುಷಿ.

ನಾಲ್ಕು ವರ್ಷ ದಾಟಿದ ಮಗುವಿಗೆ ಅಡಿನಾಯ್ಡ್ ತೆಗೆಯುವುದರಿಂದಲೂ ಉಪಯೋಗವಿದೆ. ಅದಕ್ಕಿಂತ ಚಿಕ್ಕವರಲ್ಲಿ ಬರೀ ಗ್ಲೂ ಇಯರ್‌ಗೋಸ್ಕರ ತೆಗೆಯುವುದಿಲ್ಲ. ಮೂಗು ಸದಾ ಕಟ್ಟಿರುವುದು, ಬಾಯಿ ತೆರೆದು ಗೊರಕೆ ಹೊಡೆಯುವುದು ಇದ್ದರೆ ಅದು ಬೇರೆ ಮಾತು. ಆಪರೇಷನ್ ಬೇಡ ಅನ್ನುವವರಿಗೆ ಕೆಲವು ಕಾಲ ಹಿಯರಿಂಗ್ ಏಡ್ ಹಾಕಿಸುವ ದಾರಿಯೂ ಇದೆ. "ಜನ ಏನಂತಾರೆ" ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ ಅಂತ ಬೇಡಿಕೊಳ್ಳುತ್ತೇನೆ.

ಗ್ರೋಮೆಟ್ ಇರುವಾಗ ಸ್ನಾನಕ್ಕೆ ತೊಂದರೆಯಿಲ್ಲ. ಕೆರೆ, ಹೊಳೆಯಲ್ಲಿ ಧುಮುಕಿ ಈಜುವುದು ಬೇಡ. ಕಿವಿ ಸೋರಿದರೆ ಗಾಬರಿಯಾಗಬೇಡಿ, ಡಾಕ್ಟರು ಕೊಡುವ ಹನಿಗಳಲ್ಲೇ ಬಹುತೇಕ ನಿಲ್ಲುತ್ತದೆ. ಮನೆಯಲ್ಲಿರುವ ಹಳೇ ಕಿವಿ ಹನಿ ಮಾತ್ರ ಹಾಕಬೇಡಿ, ಕೆಲವು ಹನಿಗಳು ಒಳಕಿವಿಗೆ ಹಾನಿ ಮಾಡಬಲ್ಲವು. ಕೊಳವೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಹೊರಬರುತ್ತದೆ, ತಮಟೆ ಮುಚ್ಚಿಕೊಳ್ಳುತ್ತದೆ. ಅಪರೂಪಕ್ಕೆ ನೂರರಲ್ಲಿ ಒಂದೆರಡು ಮಕ್ಕಳಿಗೆ ಸಣ್ಣ ತೂತು ಉಳಿಯಬಹುದು.

ಕೊಳವೆ ಬಿದ್ದ ಮೇಲೆ ಕೆಲವು ಮಕ್ಕಳಲ್ಲಿ ನೀರು ಮತ್ತೆ ಸೇರುತ್ತದೆ. ಅದಕ್ಕೂ ನೋವಿರುವುದಿಲ್ಲ, ಮೊದಲಿನಂತೆಯೇ ಗೊತ್ತಾಗದೆ ಬರುತ್ತದೆ. ಹಾಗಾಗಿ ಆಪರೇಷನ್ ಮುಗಿಸಿ ಮನೆಗೆ ಹೊರಡುವ ಮೊದಲೇ ಮುಂದಿನ ಕಿವಿ ಪರೀಕ್ಷೆಯ ತಾರೀಖು ಬರೆಸಿಕೊಳ್ಳಿ. ಕಿವಿ ಚೆನ್ನಾಗಿ ಕೇಳಿಸುತ್ತಿದೆ ಅನ್ನಿಸಿದರೂ ಆ ದಿನ ಮಗುವನ್ನು ಕರೆದುಕೊಂಡು ಬನ್ನಿ.